ಎಸಿಎಲ್ ಶಸ್ತ್ರಚಿಕಿತ್ಸೆಯ ನಂತರ ‘ಕೂಸ್’ ಪ್ರಶ್ನಾವಳಿ: ಒಬ್ಬ ರೋಗಿಯ ವಿಮರ್ಶೆ

ಶಟಲ್ ಆಡುವಾಗ ಹರಿದ ಬಲಮಂಡಿಯ ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಬಿಗಿಹಿಡಿಯುವ ಅಸ್ಥಿರಜ್ಜು) ಜಾಗದಲ್ಲಿ ತೊಡೆಯ ಹಿಂಭಾಗದ ಸ್ನಾಯುರಜ್ಜನ್ನು ಕೂರಿಸಿಕೊಂಡು ಒಂದು ವರ್ಷವಾಯಿತು. ಈ ಅವಧಿಯಲ್ಲಿ ಆಸ್ಪತ್ರೆಯವರು ನನ್ನಿಂದ ಮೂರು ಬಾರಿ ತುಂಬಿಸಿಕೊಂಡ ‘ಕೂಸ್’ (KOOS: Knee injury and Osteoarthritis Outcome Score) ಪ್ರಶ್ನಾವಳಿಯ ವಿಮರ್ಶೆ ಇದು. ಹೆಸರು ಕೇಳಿ ತೊಟ್ಟಿಲು ನೆನಪಾದರೂ, ಮಂಡಿಯ ಸ್ಥಿತಿಯನ್ನು ರೋಗಿಯ ಬಾಯಿಂದಲೇ ತಿಳಿಯಲೆಂದು 1998ರಲ್ಲಿ ಪ್ರಕಟವಾದ ಗಂಭೀರ ಸಾಧನವಿದು.

ನೋವು, ಇತರ ಲಕ್ಷಣಗಳು, ದಿನನಿತ್ಯದ ಚಟುವಟಿಕೆ, ಆಟೋಟ, ಜೀವನದ ಗುಣಮಟ್ಟ ಎಂಬ ಐದು ಭಾಗಗಳಲ್ಲಿ 42 ಪ್ರಶ್ನೆಗಳಿದ್ದು, ಪ್ರತಿ ಭಾಗಕ್ಕೂ 0ಯಿಂದ 100ರವರೆಗೆ ಪ್ರತ್ಯೇಕ ಅಂಕ ಬರುತ್ತದೆ. 100 ಎಂದರೆ ತೊಂದರೆಯೇ ಇಲ್ಲ. ಎಲ್ಲವನ್ನೂ ಕೂಡಿಸಿ ಒಂದೇ ಅಂಕ ಕೊಡದಿರುವುದೇ ಇದರ ದೊಡ್ಡ ಗುಣ. ವರ್ಷ ತುಂಬಿದಾಗ ನೋವಿನ ಭಾಗದಲ್ಲಿ ನನಗೆ 94 ಬಂದರೆ, ಜೀವನದ ಗುಣಮಟ್ಟದಲ್ಲಿ ಬಂದದ್ದು 63.

ಆ ಭಾಗದಲ್ಲಿರುವುದು ನಾಲ್ಕೇ ಪ್ರಶ್ನೆ: ಮಂಡಿಯ ತೊಂದರೆ ಎಷ್ಟು ಸಲ ನೆನಪಾಗುತ್ತದೆ, ಮಂಡಿಯನ್ನು ಕಾಪಾಡಿಕೊಳ್ಳಲು ಬದುಕಿನ ರೀತಿಯನ್ನು ಎಷ್ಟು ಬದಲಿಸಿಕೊಂಡಿದ್ದೀರಿ, ಅದರ ಮೇಲೆ ಭರವಸೆಯಿಲ್ಲದಿರುವುದು ಎಷ್ಟು ಕಾಡುತ್ತದೆ, ಒಟ್ಟಾರೆ ಎಷ್ಟು ಕಷ್ಟವಿದೆ. ಮೊದಲನೆಯದಕ್ಕೆ ‘ಪ್ರತಿದಿನ’ ಎಂದು ಗುರುತು ಹಾಕಿದೆ. ಬಸ್ಸಿನಿಂದ ಇಳಿಯುವಾಗ ಇಂದಿಗೂ ಬಲಗಾಲನ್ನೇ ಮೊದಲು ಕೆಳಗಿಡುತ್ತೇನೆ. ಒದ್ದೆಯಾದ ಮೆಟ್ಟಿಲು ಕಂಡರೆ ಕೈ ತಾನಾಗಿಯೇ ಗೋಡೆ ಹುಡುಕುತ್ತದೆ. ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ ಎಂದು ಅಳೆದವರಿಗೆ ಇದು ಗೊತ್ತಾಗುವಂತಿರಲಿಲ್ಲ.

ಆದರೆ ಪ್ರಶ್ನೆಗಳನ್ನು ರೂಪಿಸಿದವರ ಕಣ್ಣೆದುರು ಇದ್ದದ್ದು ನಮ್ಮ ಮನೆಗಳಲ್ಲ. ಕುಕ್ಕರಗಾಲಿನಲ್ಲಿ ಕೂರುವುದನ್ನೂ ಮಂಡಿಯೂರುವುದನ್ನೂ ಆಟೋಟದ ಭಾಗಕ್ಕೆ ಸೇರಿಸಿದ್ದಾರೆ. ನೆಲಮಟ್ಟದ ಶೌಚಾಲಯ ಬಳಸುವವರಿಗೆ ಅದು ಆಟವಲ್ಲ, ಬೆಳಗಿನ ಮೊದಲ ಕೆಲಸ. ಕಾಲುಚೀಲ ಹಾಕುವುದಕ್ಕೊಂದು, ಬಿಚ್ಚುವುದಕ್ಕೊಂದು ಪ್ರಶ್ನೆಯಿದೆ, ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಊಟಕ್ಕೆ ಕೂರುವುದರ ಬಗ್ಗೆ ಒಂದೂ ಇಲ್ಲ. ಕೇಳುವುದೂ ಕಳೆದ ಒಂದು ವಾರದ ಅನುಭವವನ್ನು ಮಾತ್ರ. ಆರನೇ ತಿಂಗಳಲ್ಲಿ ನಾನು ರಜೆಯಲ್ಲಿದ್ದ ವಾರವೇ ತುಂಬಿದ್ದರಿಂದ ಅಂಕಗಳು ವಾಸ್ತವಕ್ಕಿಂತ ಚೆನ್ನಾಗಿ ಕಂಡವು.

ಆಸ್ಪತ್ರೆಯ ಬಳಕೆಯ ಕ್ರಮವೂ ಮೆಚ್ಚುವಂತಿರಲಿಲ್ಲ. ಮೊದಲೆರಡು ಸಲ ಸ್ವಾಗತ ಕೌಂಟರಿನಲ್ಲಿ ಇಂಗ್ಲಿಷ್ ಹಾಳೆ ಕೊಟ್ಟು, ತುಂಬಿದ್ದನ್ನು ಫೈಲಿಗೆ ಸೇರಿಸಿ ಸುಮ್ಮನಾದರು. ಮೂರನೆಯ ಸಲ ನಾನೇ ಹಾಳೆಯನ್ನು ಫಿಸಿಯೋಥೆರಪಿಸ್ಟ್ ಎದುರು ಇಟ್ಟು 63 ಏಕೆಂದು ವಿವರಿಸಿದೆ. ಅವರು ಮರುವಾರದಿಂದ ತೂಕದ ವ್ಯಾಯಾಮ ಕಡಿಮೆ ಮಾಡಿ, ಒಂಟಿಗಾಲಿನಲ್ಲಿ ಜಿಗಿದು ನಿಲ್ಲುವ ಅಭ್ಯಾಸವನ್ನು ಆರಂಭಿಸಿದರು.