ನಮ್ಮ ಕೋಲಾರದ ಕೆರೆಗಳಿಗೆ ಯಾವ ಉಪಗ್ರಹದ ಚಿತ್ರ?

ಊರ ಕೆರೆ, ಪಾಲಾರ್ ನದಿಯ ಪಾತ್ರ ವರ್ಷಗಳಿಂದ ಹೇಗೆ ಬದಲಾಗಿದೆ ನೋಡಬೇಕು, ಯಾವ ಚಿತ್ರ ತಗೊಳ್ಳಲಿ ಅಂತ ಕೇಳಿದ್ದೀರಿ. ಲ್ಯಾಂಡ್‌ಸ್ಯಾಟ್, ಸೆಂಟಿನೆಲ್-2, ಸೆಂಟಿನೆಲ್-1 ಈ ಮೂರೂ ಉಪಗ್ರಹಗಳ ಚಿತ್ರ ಉಚಿತ, ಖರ್ಚಿನ ಚಿಂತೆ ಬೇಡ.

ಹಳೆಯ ಕಥೆ ಬೇಕಿದ್ದರೆ ಲ್ಯಾಂಡ್‌ಸ್ಯಾಟ್‌ಗೆ ಸಾಟಿಯಿಲ್ಲ. 1980ರ ದಶಕದಿಂದಲೂ, ಒಂದೊಂದು ಚುಕ್ಕಿ (ಪಿಕ್ಸೆಲ್) ನೆಲದ ಮೇಲೆ 30 ಮೀಟರ್ ಉದ್ದಗಲ ಇರುವ ಚಿತ್ರಗಳಿವೆ. ಆದರೆ ಅಂಥ ಒಂದು ಚುಕ್ಕಿ ಅಂದರೆ ಸುಮಾರು ಒಂಬತ್ತು ಗುಂಟೆ. ಸಣ್ಣ ಕುಂಟೆ ಅದರೊಳಗೇ ಕಳೆದುಹೋಗುತ್ತದೆ. ಸೆಂಟಿನೆಲ್-2ರಲ್ಲಿ ಚುಕ್ಕಿ ಹೆಚ್ಚುಕಮ್ಮಿ ಒಂದೇ ಗುಂಟೆ. ಕೆರೆಯಂಗಳದ ಒತ್ತುವರಿ ನೋಡಲು ನನಗೆ ಇದೇ ಇಷ್ಟ. ಆದರೆ ಇದು ಶುರುವಾದದ್ದು 2015ರಲ್ಲಿ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬಂದ ಮೇಲಿನ ಬದಲಾವಣೆಗೆ ಸಾಕು, ಅದಕ್ಕೂ ಹಿಂದಿನ ಬರಗಾಲಗಳಿಗೆ ಸಾಲದು.

ಮಳೆಗಾಲದಲ್ಲಿ ಇವೆರಡಕ್ಕೂ ಮೋಡ ಅಡ್ಡ. ಆಗ ಮೋಡದಾಚೆಗೂ ನೋಡಬಲ್ಲ ರೇಡಾರ್ ಇರುವ ಸೆಂಟಿನೆಲ್-1 ಕೈಹಿಡಿಯುತ್ತದೆ. ನಿಂತ ನೀರು ಕಪ್ಪಗೆ ಕಾಣುತ್ತದೆ, ಗಾಳಿಗೆ ಅಲೆಯೆದ್ದರೆ ಮಾತ್ರ ಗೊಂದಲ. ಹೊಸಬರಿಗೆ ಓದುವುದು ಸ್ವಲ್ಪ ಜಾಸ್ತಿನೇ ಕಷ್ಟ.

ಯಾವುದನ್ನೇ ತಗೊಂಡರೂ ಪ್ರತಿ ವರ್ಷ ಒಂದೇ ತಿಂಗಳ ಚಿತ್ರ ಹೋಲಿಸಿ. ಮತ್ತೆ, ಜೊಂಡು ಮುಚ್ಚಿದ ಕಡೆ ನೀರಿದ್ದರೂ ಚಿತ್ರದಲ್ಲಿ ನೀರಾಗಿ ಕಾಣುವುದಿಲ್ಲ. ಅಂಥ ಕೆರೆಯಾದರೆ ಒಮ್ಮೆ ಏರಿ ಮೇಲೆ ನಿಂತು ನೋಡಿ ಬನ್ನಿ.