ಎರಡು ವ್ಯಾನ್ ಪೋರ್ಟ್‌ಗಳ ರೂಟರ್: ಮೂರು ವರ್ಷ ಬಳಸಿದ ಮೇಲೆ

ನನ್ನ ಕೆಲಸವೆಲ್ಲ ಮನೆಯಿಂದಲೇ ನಡೆಯುವುದರಿಂದ, ಒಂದು ಇಂಟರ್‌ನೆಟ್ ಸಂಪರ್ಕ ಕೈಕೊಟ್ಟರೆ ಇನ್ನೊಂದಕ್ಕೆ ತಾನಾಗಿ ಹೊರಳುವ ರೂಟರನ್ನು ಕೊಂಡೆ. ವ್ಯಾನ್ (WAN) ಪೋರ್ಟ್ ಎಂದರೆ ಹೊರಗಿನ ಇಂಟರ್‌ನೆಟ್ ಬಂದು ಸೇರುವ ಕಿಂಡಿ. ಮೊದಲ ಪೋರ್ಟಿಗೆ ಫೈಬರ್, ಎರಡನೆಯದಕ್ಕೆ ಬೇರೊಂದು ಕಂಪನಿಯ 4ಜಿ ಮೋಡೆಮ್ ಜೋಡಿಸಿದ್ದೇನೆ. ಎರಡೂ ಫೈಬರ್ ಆಗಿದ್ದರೆ ಒಂದೇ ಕಂಬದ ಮೇಲೆ ಹಾದುಬಂದು ಒಟ್ಟಿಗೇ ತುಂಡಾಗಬಹುದು.

ಮೊದಲ ಆರು ತಿಂಗಳು ಇದನ್ನು ಕೊಂಡದ್ದೇ ತಪ್ಪಾಯಿತೆಂದು ಅನಿಸಿತ್ತು. ಫೈಬರ್ ತುಂಡಾದಾಗ ಸರಿಯಾಗಿಯೇ ಹೊರಳುತ್ತಿದ್ದ ರೂಟರ್, ತೊಂದರೆ ಕಂಪನಿಯ ಜಾಲದ ಒಳಗೆಲ್ಲೋ ಇದ್ದಾಗ ಮಾತ್ರ ಹಸಿರು ದೀಪ ಉರಿಸಿಕೊಂಡೇ ಆ ಸತ್ತ ದಾರಿಗೆ ಎಲ್ಲವನ್ನೂ ಕಳುಹಿಸುತ್ತಿತ್ತು. ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಅದು ಕಂಪನಿಯ ಗೇಟ್‌ವೇಯನ್ನಷ್ಟೇ, ಅಂದರೆ ಅವರ ಜಾಲದ ಹೊಸ್ತಿಲಿನ ಸಾಧನವನ್ನಷ್ಟೇ, ಪಿಂಗ್ ಮಾಡುತ್ತಿತ್ತು (ಇದ್ದೀಯಾ ಎಂದು ಕೇಳಿ ಉತ್ತರಕ್ಕೆ ಕಾಯುತ್ತಿತ್ತು). ಗೇಟ್‌ವೇ ಉತ್ತರಿಸಿದರೆ ಸಾಕು, ಅದರಾಚೆ ಜಗತ್ತೇ ಸಿಗದಿದ್ದರೂ ರೂಟರಿಗೆ ತಿಳಿಯುತ್ತಿರಲಿಲ್ಲ. ಕೈಪಿಡಿಯಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲದಿರುವುದು ಈಗಲೂ ನನಗೆ ಬೇಸರದ ಸಂಗತಿ.

ಪರೀಕ್ಷೆಯ ವಿಳಾಸಗಳನ್ನು 1.1.1.1 ಮತ್ತು 8.8.8.8 (ಕ್ಲೌಡ್‌ಫ್ಲೇರ್ ಮತ್ತು ಗೂಗಲ್‌ನ ಸಾರ್ವಜನಿಕ ಸರ್ವರ್‌ಗಳು) ಎಂದು ಬದಲಿಸಿ, 5 ಸೆಕೆಂಡಿಗೊಮ್ಮೆ ಕೇಳುವಂತೆಯೂ ಎರಡೂ ಸತತವಾಗಿ ಮೂರು ಬಾರಿ ಉತ್ತರಿಸದಿದ್ದರೆ ಮಾತ್ರ ಹೊರಳುವಂತೆಯೂ ಹೊಂದಿಸಿದೆ. ಒಂದೇ ವಿಳಾಸವನ್ನು ನಂಬಿದರೆ ಆ ಸರ್ವರ್ ಸುಮ್ಮನಾದಾಗಲೂ ರೂಟರ್ ವೃಥಾ ಹೊರಳುತ್ತದೆ. ಫೈಬರ್ ಮರಳಿದ ಮೇಲೂ 2 ನಿಮಿಷ ಕಾಯಿಸುತ್ತೇನೆ, ಇಲ್ಲವಾದರೆ ಬಂದುಹೋಗುವ ಸಂಪರ್ಕದ ಜೊತೆಗೆ ಅದೂ ಅತ್ತಿತ್ತ ಓಲಾಡುತ್ತದೆ. ಅಂದಿನಿಂದ ಈ ಪೆಟ್ಟಿಗೆಯ ಮೇಲೆ ನನಗೆ ನಿಜವಾದ ಪ್ರೀತಿ ಹುಟ್ಟಿದೆ. ಪ್ರತಿ ಶನಿವಾರ ಬೆಳಗ್ಗೆ, ಕೆಲಸಕ್ಕೆ ಕೂರುವ ಮುನ್ನ, ಫೈಬರ್ ಪೆಟ್ಟಿಗೆಯ ಹಿಂಬದಿಯ ಫೈಬರ್ ಎಳೆಯನ್ನೇ ಕಳಚಿ ಸೆಕೆಂಡುಗಳನ್ನು ಎಣಿಸುತ್ತೇನೆ. ರೂಟರಿನ ಕೇಬಲ್ ಕಳಚಿದರೆ ಪೋರ್ಟ್ ಸತ್ತದ್ದು ಅದಕ್ಕೆ ತಕ್ಷಣ ತಿಳಿದುಬಿಡುತ್ತದೆ, ಪಿಂಗ್‌ನ ಪರೀಕ್ಷೆಯಾಗುವುದಿಲ್ಲ. ಹದಿನೈದರ ಆಸುಪಾಸಿನಲ್ಲಿ ಎರಡನೆಯ ದೀಪ ಮಿನುಗತೊಡಗಿದರೆ ಆ ವಾರದ ಮಟ್ಟಿಗೆ ನೆಮ್ಮದಿ.

ಹೊರಳುವಾಗ ನಡೆಯುತ್ತಿರುವ ವಿಡಿಯೊ ಕರೆ ಕಡಿದುಹೋಗುವುದುಂಟು. ಎರಡು ಕಂಪನಿಗಳು ಕೊಡುವ ಐಪಿ ವಿಳಾಸಗಳು ಬೇರೆಬೇರೆಯಾದ್ದರಿಂದ ಅದಕ್ಕೆ ರೂಟರನ್ನು ದೂರುವಂತಿಲ್ಲ. ವಿಳಾಸ ಬದಲಾಗದಂತೆ ಮಾಡಲು ಸ್ವಂತ ವಿಳಾಸಗಳನ್ನು ಪಡೆದು ಬಿಜಿಪಿ (ಯಾವ ವಿಳಾಸಕ್ಕೆ ಯಾವ ದಾರಿ ಎಂದು ಜಾಲಗಳು ಪರಸ್ಪರ ತಿಳಿಸಿಕೊಳ್ಳುವ ವಿಧಾನ) ಮೂಲಕ ಇಬ್ಬರು ಪೂರೈಕೆದಾರರಿಗೂ ಸಾರಬೇಕು. ಅದು ಸಂಸ್ಥೆಗಳಿಗೆ ಸರಿ, ನನ್ನ ಬಜೆಟ್ಟಿಗೆ ನಿಲುಕದ್ದು. ಎರಡನ್ನೂ ಒಟ್ಟಿಗೆ ಬಳಸುವ ಲೋಡ್ ಬ್ಯಾಲೆನ್ಸಿಂಗ್ ವಾರದಲ್ಲೇ ಸಾಕೆನಿಸಿತು: ಒಂದೇ ಲಾಗಿನ್‌ನ ಕೋರಿಕೆಗಳು ಎರಡು ವಿಳಾಸಗಳಿಂದ ಹೋದ ಕಾರಣ ಬ್ಯಾಂಕಿನ ಜಾಲತಾಣ ನನ್ನನ್ನು ಮತ್ತೆ ಮತ್ತೆ ಹೊರಹಾಕುತ್ತಿತ್ತು.

ಕೊಳ್ಳುವವರು ಪಿಂಗ್ ವಿಳಾಸವನ್ನು ಬದಲಿಸಲು ಅವಕಾಶವಿದೆಯೇ ಎಂದು ಮೊದಲು ನೋಡಿಕೊಳ್ಳಿ. ರೂಟರ್, ಫೈಬರ್ ಪೆಟ್ಟಿಗೆ, 4ಜಿ ಮೋಡೆಮ್ ಮೂರನ್ನೂ ಒಂದೇ ಯುಪಿಎಸ್‌ಗೆ ಜೋಡಿಸಿ. ನಾನು ಮೋಡೆಮನ್ನು ಮರೆತಿದ್ದೆ, ಕರೆಂಟ್ ಹೋದ ದಿನವೇ ಫೈಬರೂ ಹೋಗಿತ್ತು.