ಆರು ಮಳೆಗಾಲ ಕಂಡ ಫೋಟೋ ಸ್ಕ್ಯಾನರ್: ಐನ್‌ಮನೆಯ ಆಲ್ಬಮ್‌ಗಳ ಜೊತೆ ನನ್ನ ಅನುಭವ

2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಲಿನ ಬೆಟ್ಟಗಳು ಜರಿದಾಗ ನನ್ನ ಚಿಕ್ಕಮ್ಮನ ಮನೆ ಮಣ್ಣಿನಡಿ ಸೇರಿತು. ಮನೆಯವರೆಲ್ಲ ಹಿಂದಿನ ರಾತ್ರಿಯೇ ಹೊರಬಿದ್ದಿದ್ದರಿಂದ ಜೀವ ಉಳಿಯಿತು. ಪರಿಹಾರ ಕೇಂದ್ರಕ್ಕೆ ನೋಡಲು ಹೋದಾಗ ಅವರು ನನ್ನ ಕೈ ಹಿಡಿದು ಕೇಳಿದ ಮೊದಲ ಮಾತು, "ನನ್ನ ಮದುವೆಯ ಫೋಟೋ ನಿನ್ನ ಅಮ್ಮನ ಆಲ್ಬಮಿನಲ್ಲಿ ಒಂದಾದರೂ ಇದೆಯೇ?" ಇತ್ತು, ಒಂದೇ ಒಂದು. ಬೂಷ್ಟು ಹಿಡಿದು ಅದರಲ್ಲಿ ಚಿಕ್ಕಪ್ಪನ ಮುಖ ಅರ್ಧ ಕರಗಿಹೋಗಿತ್ತು. ಮರುವರ್ಷದ ಜನವರಿಯಲ್ಲಿ ನಾನು ಸ್ಕ್ಯಾನರ್ ಕೊಂಡೆ.

ಅದು ಎ4 ಅಳತೆಯ ಫ್ಲಾಟ್‌ಬೆಡ್, ಅಂದರೆ ಫೋಟೋವನ್ನು ಗಾಜಿನ ಮೇಲೆ ಮಲಗಿಸಿ ತೆಗೆಯುವ ಯಂತ್ರ. ಮುಚ್ಚಳದ ಒಳಗೂ ಒಂದು ದೀಪ ಇರುವುದರಿಂದ ನೆಗೆಟಿವ್‌ಗಳನ್ನೂ ಸ್ಕ್ಯಾನ್ ಮಾಡಬಹುದು. ಬೆಲೆ 25 ಸಾವಿರ ರೂಪಾಯಿ ದಾಟಿತ್ತು. ಕಚೇರಿ ಕಾಗದಪತ್ರಗಳಿಗೆ ಬಳಸುವ ತೆಳ್ಳನೆಯ ಯಂತ್ರ ಇದರ ಕಾಲು ಭಾಗದ ಬೆಲೆಗೆ ಸಿಗುತ್ತಿತ್ತು. ಅದನ್ನು ಬಿಟ್ಟದ್ದಕ್ಕೆ ಕಾರಣವಿದೆ. ತೆಳ್ಳನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಐಎಸ್ ಎಂಬ ಬಗೆಯ ಸಂವೇದಕ, ಅಂದರೆ ಚಿತ್ರವನ್ನು ಓದುವ ಭಾಗ. ಕಾಗದ ಗಾಜಿಗೆ ಪೂರ್ತಿ ತಾಗಿ ಕುಳಿತಿದ್ದರೆ ಮಾತ್ರ ಅದಕ್ಕೆ ಚಿತ್ರ ಸ್ಪಷ್ಟ. ಸಿಸಿಡಿ ಎಂಬ ಇನ್ನೊಂದು ಬಗೆಯ ಸಂವೇದಕದ ಯಂತ್ರ ದಪ್ಪ, ಭಾರ, ಆದರೆ ಗಾಜಿನಿಂದ ತುಸು ಮೇಲೆದ್ದದ್ದನ್ನೂ ಹಿಡಿಯುತ್ತದೆ. ಕೊಡಗಿನ ತೇವದಲ್ಲಿ ಐವತ್ತು ಅರವತ್ತು ವರ್ಷ ಕಳೆದ ಫೋಟೋ ಚಪ್ಪಟೆಯಾಗಿ ಎಲ್ಲಿ ಉಳಿದೀತು? ಒಣಗಿದ ವೀಳ್ಯದೆಲೆಯ ಹಾಗೆ ಸುರುಟಿಕೊಂಡಿರುತ್ತದೆ. ಒತ್ತಿ ಸಪಾಟು ಮಾಡಲು ಹೋದರೆ ಮೇಲಿನ ಜೆಲಟಿನ್ ಪದರ ಬಿರಿಯುತ್ತದೆ. ಆದ್ದರಿಂದ ಹಳೆಯ ಫೋಟೋಗಳಿಗಾಗಿಯೇ ಕೊಳ್ಳುವವರು ಸಿಸಿಡಿ ಯಂತ್ರವನ್ನೇ ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ 6400 ಡಿಪಿಐಗೆ (ಒಂದು ಇಂಚಿನಲ್ಲಿ ಹಿಡಿಯುವ ಚುಕ್ಕೆಗಳ ಎಣಿಕೆ) ಮರುಳಾಗಬೇಡಿ. ಪೋಸ್ಟ್‌ಕಾರ್ಡ್ ಅಳತೆಯ, ಅಂದರೆ 4 ಇಂಚಿಗೆ 6 ಇಂಚಿನ ಪ್ರಿಂಟಿಗೆ 600 ಡಿಪಿಐ ಧಾರಾಳ. 2400ಕ್ಕೆ 3600 ಪಿಕ್ಸೆಲ್‌ನ ಚಿತ್ರ ಬರುತ್ತದೆ, ವಿವರ ಕಳೆಯದೆ ಉಳಿಸುವ ಟಿಫ್ ಕಡತದ ರೂಪದಲ್ಲಿ ಸುಮಾರು 26 ಎಂಬಿ. ಬೆಂಕಿಪೊಟ್ಟಣದಷ್ಟು ಚಿಕ್ಕ ಫೋಟೋಗಳಿಗೆ ಮತ್ತು ಮುಖಗಳು ಸಾಸಿವೆಯಂತೆ ಕಾಣುವ ಗುಂಪು ಚಿತ್ರಗಳಿಗೆ ಮಾತ್ರ 1200. ಅಪ್ಪನ ಆಗ್ಫಾ ಕ್ಲಿಕ್ 3 ಕ್ಯಾಮೆರಾದ ನೆಗೆಟಿವ್‌ಗಳು 6 ಸೆಂಟಿಮೀಟರ್ ಚೌಕದವು, ಒಂದು ರೀಲಿಗೆ ಹನ್ನೆರಡೇ ಚಿತ್ರ. ಅವನ್ನು 2400ರಲ್ಲಿ ಸ್ಕ್ಯಾನ್ ಮಾಡಿದರೆ ಒಂದೊಂದು ಬದಿಗೂ 5000ಕ್ಕಿಂತ ಹೆಚ್ಚು ಪಿಕ್ಸೆಲ್. ಅಂಗಳದಲ್ಲಿ ಒಣಗಲು ಹರಡಿದ ಕಾಫಿಯ ಒಂದೊಂದು ಹಣ್ಣೂ ಎಣಿಸುವಷ್ಟು ಬಿಡಿಬಿಡಿಯಾಗಿ ಕಂಡಿತು.

ಈಗ ಈ ವಿಮರ್ಶೆ ಬರೆಯಲು ನನ್ನನ್ನು ಕೂರಿಸಿದ ಸಂಗತಿಗೆ ಬರುತ್ತೇನೆ. ಫೋಟೋದ ಮುಖವನ್ನು ಸ್ಕ್ಯಾನ್ ಮಾಡಿದ ಮೇಲೆ ಅದನ್ನು ಮಗುಚಿ ಬೆನ್ನನ್ನೂ ಸ್ಕ್ಯಾನ್ ಮಾಡಿ. ಖಾಲಿ ಕಂಡರೂ ಮಾಡಿ.

ನನ್ನ ತವರಿನ ಐನ್‌ಮನೆ, ಅಂದರೆ ನಮ್ಮ ಕೊಡವ ಒಕ್ಕದ (ಒಂದೇ ಮೂಲಪುರುಷನ ವಂಶದವರ) ಮೂಲ ಮನೆ, ವಿರಾಜಪೇಟೆ ತಾಲ್ಲೂಕಿನಲ್ಲಿದೆ. ಕೈಯಾಲೆಯ (ಮುಂಜಗಲಿಯ) ಗೋಡೆಯ ಮೇಲೆ ಒಕ್ಕದ ವಂಶವೃಕ್ಷವನ್ನು ಚೌಕಟ್ಟು ಹಾಕಿ ತೂಗಿಹಾಕಿದ್ದಾರೆ. ಏಳು ತಲೆಮಾರಿನ ಗಂಡಸರ ಹೆಸರು ಅದರಲ್ಲಿದೆ. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಒಕ್ಕಕ್ಕೆ ಸೇರುವುದರಿಂದ ಅವರ ಹೆಸರಿಲ್ಲ, ಸೊಸೆಯಂದಿರದೂ ಇಲ್ಲ. ನಾನೂ ಅದರಲ್ಲಿಲ್ಲ. ಚಿಕ್ಕಂದಿನಿಂದ ನೋಡಿದ ಪಟವಾದ್ದರಿಂದ ಅದೇನೂ ಕೊರತೆಯೆಂದು ನನಗೆ ಅನಿಸಿರಲಿಲ್ಲ.

2019ರ ಪುತ್ತರಿಗೆ, ಅಂದರೆ ಭತ್ತದ ಸುಗ್ಗಿಯ ಹಬ್ಬಕ್ಕೆ, ಸ್ಕ್ಯಾನರನ್ನು ಐನ್‌ಮನೆಗೆ ಹೊತ್ತುಕೊಂಡು ಹೋದೆ. ಕಪ್ಪು ಹಾಳೆಯ ಮೂರು ಆಲ್ಬಮ್‌ಗಳು ಪೆಟ್ಟಿಗೆಯಲ್ಲಿದ್ದವು. ಒಂದರಲ್ಲಿ ಪಲ್ಟನ್ನಿಗೆ ಸೇರಿದ ಅಜ್ಜಂದಿರು, ರಾವಲ್ಪಿಂಡಿಯ ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ಎದೆಯುಬ್ಬಿಸಿ ನಿಂತವರು. ಅದೇ ಹಾಳೆಯಲ್ಲಿ, 1949ರ ಜನವರಿಯಲ್ಲಿ ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಸುದ್ದಿಯ ಪತ್ರಿಕೆಯ ತುಣುಕನ್ನು ಯಾರೋ ಅಕ್ಕಿ ಗಂಜಿ ಹಾಕಿ ಅಂಟಿಸಿದ್ದರು. ಇನ್ನೊಂದು ಆಲ್ಬಮಿನ ಮೊದಲ ಪುಟದಲ್ಲಿ ಇಪ್ಪತ್ತಮೂರು ಜನರ ಗುಂಪು ಚಿತ್ರ. ಐನ್‌ಮನೆಯ ಮೆಟ್ಟಿಲ ಮೇಲೆ ಗಂಡಸರು ಕುಪ್ಯ (ಕೊಡವರ ನಿಲುವಂಗಿ) ತೊಟ್ಟು, ಚೇಲೆ (ಸೊಂಟದ ಪಟ್ಟಿ) ಬಿಗಿದು ನಿಂತಿದ್ದಾರೆ. ನಡುವೆ ಕುರ್ಚಿಯಲ್ಲಿ ಒಬ್ಬ ಹಿರಿಯ ಹೆಂಗಸು, ತಲೆಗೆ ವಸ್ತ್ರ ಕಟ್ಟಿಕೊಂಡು. ಇಷ್ಟು ಗಂಡಸರ ನಡುವೆ ಕುರ್ಚಿ ಅವರಿಗೇ ಏಕೆ ಎಂದು ಯಾರಿಗೂ ಗೊತ್ತಿರಲಿಲ್ಲ.

1200 ಡಿಪಿಐಯಲ್ಲಿ ತೆಗೆದು ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿದಾಗ ಅವರ ಎದೆಯ ಮೇಲಿನ ಪತ್ತಾಕ್ ಪದಕದಲ್ಲಿ ನಾಗರಹೆಡೆ ಕಂಡಿತು. ಹಿಂದಿನ ಎಡರೆಕ್ಕೆಯ ಮಾಡಿಗೆ ಇನ್ನೂ ಹುಲ್ಲಿನ ಹೊದಿಕೆ, ಬಲಕ್ಕೆ ಮಂಗಳೂರು ಹೆಂಚು. ಪಕ್ಕದಲ್ಲಿ ಕುಳಿತಿದ್ದ ಸೋದರತ್ತೆಗೆ ಆಗ 87 ವರ್ಷ. ಕುರ್ಚಿಯ ಕಾಲ ಬಳಿ ಕುಳಿತ ಮಗುವಿನ ಮೇಲೆ ಬೆರಳಿಟ್ಟು, "ಇದು ನಾನು" ಎಂದರು. ಮಗುವಿಗೆ ನಾಲ್ಕೈದು ವರ್ಷ; ಅಲ್ಲಿಗೆ ಚಿತ್ರ ತೆಗೆದ ಕಾಲ 1930ರ ದಶಕದ ನಡುಭಾಗ ಎಂದು ಸಿಕ್ಕಿತು.

ಚಿತ್ರದ ಬೆನ್ನ ಮೇಲೆ ಸ್ಟುಡಿಯೋದ ಮುದ್ರೆ ಇತ್ತು. ಇಂಗ್ಲಿಷ್ ಅಕ್ಷರದಲ್ಲಿ ಮರ್ಕೆರಾ, ಕೂರ್ಗ್ ಎಂದು. ಉಳಿದದ್ದು ಟೀ ಚೆಲ್ಲಿದಂಥ ಕಂದು ಕಲೆ ಎಂದುಕೊಂಡಿದ್ದೆವು. ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಚಿತ್ರ ತಿದ್ದುವ ತಂತ್ರಾಂಶದಲ್ಲಿ ಕೆಂಪು, ಹಸಿರು, ನೀಲಿ ಪದರಗಳನ್ನು ಬೇರ್ಪಡಿಸಿ ನೀಲಿಯನ್ನು ಮಾತ್ರ ಉಳಿಸಿದಾಗ ಸಾಲುಗಳು ಎದ್ದು ಬಂದವು. ಹಳೆಯ ಶಾಯಿ ಮಾಸಿದಾಗ ಕಂದು ತಿರುಗುತ್ತದೆ. ಕಂದು ಬಣ್ಣ ನೀಲಿ ಬೆಳಕನ್ನು ಹೀರುವುದರಿಂದ ನೀಲಿ ಪದರದಲ್ಲಿ ಅಕ್ಷರ ಕಪ್ಪಾಗಿ ಕಾಣುತ್ತದೆ. ಎಡದಿಂದ ಬಲಕ್ಕೆ ಕನ್ನಡದಲ್ಲಿ ಹೆಸರುಗಳಿದ್ದವು. ಸೊಸೆಯಂದಿರ ಹೆಸರಿನ ಮುಂದೆ ಅವರ ತವರಿನ ಒಕ್ಕ. ಮುತ್ತಜ್ಜನ ಹೆಸರಿನ ಮುಂದೆ ಮಾತ್ರ ಎರಡು ಒಕ್ಕಗಳ ಹೆಸರು: ಮೊದಲು ನಮಗೆ ಪರಿಚಯವೇ ಇಲ್ಲದ ಒಂದು, ಆಮೇಲೆ ನಮ್ಮದು.

ಸೋದರತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೊಡವ ತಕ್ಕಿನಲ್ಲಿ (ಕೊಡವ ಭಾಷೆಯಲ್ಲಿ) ಹೇಳಿದರು, "ಅಜ್ಜ ಒಕ್ಕ ಪರಿಜೆಗೆ ಬಂದವರು. ಅಜ್ಜಿಯೇ ಈ ಮನೆಯ ಮಗಳು."

ಒಕ್ಕದಲ್ಲಿ ಗಂಡು ಸಂತಾನ ಇಲ್ಲದೆ ಹೋದಾಗ ಮಗಳಿಗೆ ಹೊರಗಿನಿಂದ ಗಂಡನನ್ನು ತಂದು, ಅವನನ್ನು ಒಕ್ಕಕ್ಕೆ ಸೇರಿಸಿಕೊಂಡು, ಹುಟ್ಟುವ ಮಕ್ಕಳಿಗೆ ತಮ್ಮ ಒಕ್ಕದ ಹೆಸರನ್ನೇ ಕೊಡುವ ಪದ್ಧತಿ ಅದು. ಗೋಡೆಯ ವಂಶವೃಕ್ಷದಲ್ಲಿ ಮುತ್ತಜ್ಜ ಆ ಮನೆಯಲ್ಲೇ ಹುಟ್ಟಿದ ಮಗನಂತೆ ದಾಖಲಾಗಿದ್ದಾರೆ. ಒಕ್ಕದ ಮೂಲಪುರುಷ ಗುರು ಕಾರೋಣನಿಂದ ನನ್ನ ಅಣ್ಣನ ಮೊಮ್ಮಗನವರೆಗೆ ಎಳೆದ ಗೆರೆ ನಡುವೆ ಒಂದು ಕಡೆ ಹೆಣ್ಣಿನ ಮೂಲಕ ಹಾದುಬಂದಿದೆ. ಕುರ್ಚಿಯಲ್ಲಿ ಕುಳಿತ ಆ ಮುತ್ತಜ್ಜಿಯ ಹೆಸರೇ ಅಲ್ಲಿಲ್ಲ. ಕುರ್ಚಿ ಅವರಿಗೆ ಏಕೆ ಸಿಕ್ಕಿತ್ತು ಎಂಬುದಕ್ಕೆ ಅಂದು ಉತ್ತರ ದೊರೆಯಿತು. ನನಗೆ ಅಳು ತಡೆಯಲಾಗಲಿಲ್ಲ.

ಸ್ಕ್ಯಾನರಿನ ದೀಪ ಗಾಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಲು ಒಂದು ನಿಮಿಷ, 1200ರಲ್ಲಾದರೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಈ ನಿಧಾನವನ್ನು ಅನೇಕರು ದೋಷವೆಂದು ಬರೆಯುತ್ತಾರೆ. ನನಗೆ ಅದೇ ಉಪಕಾರವಾಯಿತು. ಆ ನಿಮಿಷಗಳಲ್ಲಿ ಸೋದರತ್ತೆ ಫೋಟೋ ಕೈಗೆ ತೆಗೆದುಕೊಂಡು ಮಾತಾಡುತ್ತಿದ್ದರು, ಮೊಬೈಲಿನಲ್ಲಿ ಧ್ವನಿ ಮುದ್ರಿಸುತ್ತಿದ್ದೆ. ಮೂರು ದಿನದಲ್ಲಿ ಒಂಬತ್ತು ಗಂಟೆಯ ಮಾತು ಸಿಕ್ಕಿತು. ಅವರು 2021ರಲ್ಲಿ ತೀರಿಕೊಂಡರು.

ಇನ್ನು ಯಂತ್ರದ ತೊಂದರೆಗಳು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಈ ಯಂತ್ರವನ್ನು ರೂಪಿಸಿದವರ ಮನಸ್ಸಿನಲ್ಲಿ ಅಂಥ ಊರು ಇದ್ದಂತಿಲ್ಲ. ಎರಡನೆಯ ಮಳೆಗಾಲದ ಜುಲೈಯಲ್ಲಿ ಗಾಜಿನ ಒಳಬದಿಗೆ ಮಂಜು ಕಟ್ಟಿತು, ಎಲ್ಲ ಚಿತ್ರಗಳ ಮೇಲೂ ಹಾಲಿನ ಪರದೆ ಎಳೆದಂತೆ. ಸೇವಾ ಕೇಂದ್ರಕ್ಕೆಂದು ಮೈಸೂರಿಗೆ ಒಯ್ದೆ. ಮೂರು ವಾರ ಇಟ್ಟುಕೊಂಡು, ಗಾಜು ತೆಗೆಯಲು ಬರುವುದಿಲ್ಲ ಎಂದು ಹಾಗೆಯೇ ಹಿಂತಿರುಗಿಸಿದರು. ಕೊನೆಗೆ ಕ್ಯಾಮೆರಾ ರಿಪೇರಿ ಮಾಡುವ ಒಬ್ಬ ಹಿರಿಯರು ಅರ್ಧ ಗಂಟೆಯಲ್ಲಿ ಬಿಚ್ಚಿ ಒರೆಸಿಕೊಟ್ಟರು. ಆಮೇಲಿನಿಂದ ಜೂನ್ ಬಂದೊಡನೆ ಯಂತ್ರವನ್ನು ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ನನ್ನ ಸ್ಕ್ಯಾನಿಂಗ್ ಪುತ್ತರಿಗೆ ಆರಂಭವಾಗಿ ಕಾಫಿ ಗಿಡಗಳನ್ನು ಅರಳಿಸುವ ಬೇಸಿಗೆಯ ಹೂಮಳೆ ಬೀಳುವ ಹೊತ್ತಿಗೆ ಮುಗಿಯುತ್ತದೆ. ಮಳೆಗಾಲದಲ್ಲಿ ಆಲ್ಬಮ್ ತೆರೆಯುವುದೂ ಇಲ್ಲ; ಆ ತೇವದಲ್ಲಿ ಜೆಲಟಿನ್ ಮೆತ್ತಗಾಗಿ ಫೋಟೋಗಳು ಒಂದಕ್ಕೊಂದು ಅಂಟುತ್ತವೆ.

ಧೂಳು, ಗೀರು ಅಳಿಸುವ ಇನ್‌ಫ್ರಾರೆಡ್ ಸೌಲಭ್ಯಕ್ಕಾಗಿಯೇ ಹೆಚ್ಚು ಹಣ ಕೊಟ್ಟಿದ್ದೆ. 1990ರ ದಶಕದ ಬಣ್ಣದ ನೆಗೆಟಿವ್‌ಗಳಲ್ಲಿ ಅದರ ಕೆಲಸ ಅದ್ಭುತ. ಅಪ್ಪನ ಕಪ್ಪು ಬಿಳುಪು ನೆಗೆಟಿವ್‌ಗಳಲ್ಲಿ ಸಂಪೂರ್ಣ ನಿಷ್ಪ್ರಯೋಜಕ. ಅಲ್ಲಿ ಚಿತ್ರ ಮೂಡಿರುವುದೇ ಬೆಳ್ಳಿಯ ಕಣಗಳಿಂದ. ಬೆಳ್ಳಿ ಇನ್‌ಫ್ರಾರೆಡ್ ಬೆಳಕನ್ನು ತಡೆಯುವುದರಿಂದ ಯಂತ್ರ ಚಿತ್ರವನ್ನೇ ಕಸವೆಂದು ಎಣಿಸುತ್ತದೆ. ಅಂಗಡಿಯವರು ಇದನ್ನು ಹೇಳಲಿಲ್ಲ, ಹೇಳಬೇಕಿತ್ತು. ಅವನ್ನು ಮೆದು ಕುಂಚದಿಂದ ಒಂದೊಂದಾಗಿ ಒರೆಸಿದೆ. ಅಪ್ಪನ ತಗಡಿನ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಹೊಡೆಯಿತು. ಅದು ಅಸಿಟೇಟ್ ಫಿಲ್ಮ್ ಕೊಳೆಯುವ ಲಕ್ಷಣ, ಒಂದರಿಂದ ಇನ್ನೊಂದಕ್ಕೂ ತಗಲುತ್ತದೆ. ನಿಮ್ಮ ಡಬ್ಬಿಯಲ್ಲೂ ಆ ವಾಸನೆ ಬಂದರೆ ವಾಸನೆಯ ಸುರುಳಿಗಳನ್ನು ಅಂದೇ ಬೇರೆ ಮಾಡಿ, ಅವನ್ನೇ ಮೊದಲು ಸ್ಕ್ಯಾನ್ ಮಾಡಿ.

1980ರ ದಶಕದ ಅಂಟುಹಾಳೆಯ ಆಲ್ಬಮ್‌ಗಳ ಮೇಲೆ ನನಗೆ ನಿಜವಾದ ಸಿಟ್ಟಿದೆ. ನನ್ನ ಮದುವೆಯ ಫೋಟೋಗಳಿರುವುದು ಅದರಲ್ಲೇ. ಅಜ್ಜನ ಕಾಲದ ಕಪ್ಪು ಹಾಳೆ, ತ್ರಿಕೋನದ ಮೂಲೆಗಳು ಎಂಬತ್ತು ವರ್ಷ ಫೋಟೋವನ್ನು ಕಾಪಾಡಿದವು; ಈ ಪ್ಲಾಸ್ಟಿಕ್ ಹೊದಿಕೆಯ ಅಂಟು ಮೂವತ್ತೇ ವರ್ಷದಲ್ಲಿ ಬೆನ್ನಿಗೆ ಹಳದಿ ಪಟ್ಟೆ ಎಳೆದಿದೆ. ಹಲ್ಲಿನ ಸಂದಿ ಶುಚಿಗೊಳಿಸುವ ದಾರವನ್ನು ಫೋಟೋದ ಕೆಳಗೆ ತೂರಿಸಿ ಗರಗಸದಂತೆ ನಿಧಾನವಾಗಿ ಎಳೆದರೆ ಹೆಚ್ಚಿನವು ಬಿಡುತ್ತವೆ. ಬಿಡದಿದ್ದರೆ ಪುಟವನ್ನೇ ಗಾಜಿನ ಮೇಲಿಡಿ. ಗೋಡೆಗೆ ತೂಗಿದ, ಕನ್ನಡಿ ಹಾಕಿದ ಚಿತ್ರಗಳಿಗೆ ಈ ಯಂತ್ರ ಬೇಕಿಲ್ಲ. ಮೊಬೈಲಿನಲ್ಲಿ ಗೂಗಲ್‌ನ ಫೋಟೋಸ್ಕ್ಯಾನ್ ನಾಲ್ಕು ಮೂಲೆಗಳಿಂದ ತೆಗೆದ ಚಿತ್ರಗಳನ್ನು ಜೋಡಿಸಿ ಪ್ರತಿಫಲನವನ್ನು ತೆಗೆದುಹಾಕುತ್ತದೆ.

ಕಪ್ಪು ಬಿಳುಪಿಗೆ ತಾನಾಗಿ ಬಣ್ಣ ತುಂಬುವ ತಂತ್ರಾಂಶಗಳಿಂದ ದೂರವಿರಿ. ಮಗ ಒಂದರಲ್ಲಿ ಅಜ್ಜನ ಮದುವೆಯ ಚಿತ್ರ ಹಾಕಿದ. ಮದುಮಗನ ಬಿಳಿ ಕುಪ್ಯವನ್ನು ಅದು ತಿಳಿನೀಲಿ ಮಾಡಿತು, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯ ಬೆಳ್ಳಿಯ ಕೆತ್ತನೆಯನ್ನು ನುಣ್ಣಗೆ ಸವರಿಬಿಟ್ಟಿತು. ನಾಳೆ ಮೂಲ ಚಿತ್ರ ಹಾಳಾದರೆ ಮೊಮ್ಮಕ್ಕಳು ಈ ಸುಳ್ಳನ್ನೇ ನಂಬಬೇಕಾಗುತ್ತದೆ. ಬಿರುಕು ಮುಚ್ಚುವುದಿದ್ದರೂ ಪ್ರತಿಯಲ್ಲಿ ಮಾಡಿ, ಮೂಲ ಟಿಫ್ ಕಡತವನ್ನು ಮುಟ್ಟಬೇಡಿ.

ಆರು ವರ್ಷದಲ್ಲಿ 1840 ಫೋಟೋ, ಸುಮಾರು 400 ನೆಗೆಟಿವ್ ಆಗಿವೆ. ಮುಖಕ್ಕೂ ಬೆನ್ನಿಗೂ ಒಂದೇ ಸಂಖ್ಯೆ, ಕೊನೆಯಲ್ಲಿ ಮುಂ ಅಥವಾ ಹಿಂ ಎಂಬ ಗುರುತು. ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಒಂದು ನಮ್ಮಲ್ಲಿ, ಇನ್ನೊಂದು ಮೈಸೂರಿನ ತಮ್ಮನ ಮನೆಯಲ್ಲಿ. ಎರಡನ್ನೂ ಒಂದೇ ಬೆಟ್ಟದ ಬುಡದಲ್ಲಿ ಇಡಬಾರದು ಎಂಬುದನ್ನು 2018 ಕಲಿಸಿದೆ. ಚಿಕ್ಕಮ್ಮನ ಮದುವೆಯ ಇನ್ನೂ ನಾಲ್ಕು ಚಿತ್ರಗಳು ಬೇರೆ ಬೇರೆ ನೆಂಟರ ಆಲ್ಬಮ್‌ಗಳಲ್ಲಿ ಸಿಕ್ಕಿದವು, ಚಿಕ್ಕಪ್ಪನ ಮುಖ ಪೂರ್ತಿಯಾಗಿ ಇರುವ ಒಂದೂ ಸೇರಿ.

ಮನೆಯಲ್ಲಿ ನೂರಿನ್ನೂರು ಫೋಟೋ ಮಾತ್ರ ಇದ್ದರೆ ಇಷ್ಟು ಹಣ ಹಾಕಬೇಡಿ, ಎರವಲು ತನ್ನಿ. ನನ್ನದು ಈವರೆಗೆ ಐದು ಮನೆಗೆ ಹೋಗಿ ಬಂದಿದೆ. ಇಡೀ ಒಕ್ಕದ ಕೆಲಸವಾದರೆ ಹಣ ಕೂಡಿಸಿ ಒಂದು ಕೊಂಡು ಐನ್‌ಮನೆಯಲ್ಲಿಡಿ. ಕಳೆದ ಕೈಲ್‌ಪೊಳ್ದ್ (ಆಯುಧ ಪೂಜೆಯ ಹಬ್ಬ) ದಿನ ಒಕ್ಕದ ಹಿರಿಯರಾದ ಪಟ್ಟೆದಾರರು ವಂಶವೃಕ್ಷದ ಚೌಕಟ್ಟನ್ನು ಗೋಡೆಯಿಂದ ಇಳಿಸಿ, ಗಾಜು ಬಿಚ್ಚಿ, ಮುತ್ತಜ್ಜನ ಹೆಸರಿನ ಪಕ್ಕದಲ್ಲಿ ಮುತ್ತಜ್ಜಿಯ ಹೆಸರನ್ನು ಕಪ್ಪು ಶಾಯಿಯಲ್ಲಿ ಬರೆದರು. ಕಾಗುಣಿತವನ್ನು ಫೋಟೋದ ಬೆನ್ನಿನ ಪ್ರತಿ ನೋಡಿಕೊಂಡೇ ಬರೆದರು.